ಇಂಜಿನ್ ಬಿಚ್ಚುವ ಮೊದಲು ಪಂಪು ನೋಡಿರಿ

ಹಳೇ ಡೀಸೆಲ್ ಪಂಪುಸೆಟ್ಟು ನೀರು ಕಡಿಮೆ ಎತ್ತಾಕ ಹತ್ತಿತು ಅಂದರೆ ನಾವೆಲ್ಲ ಮೊದಲು ಬೈಯೋದು ಇಂಜಿನ್ನಿಗೆ. ನಾನೂ ಹಾಗೇ ಮಾಡಿ 11,000 ರೂಪಾಯಿ ಕಳಕೊಂಡೆ. ಅದನ್ನು ಬರೆದರೆ ಬೇರೆಯವರ ರೊಕ್ಕವಾದರೂ ಉಳಿದೀತು.

ನಮ್ಮದು ಹುನಗುಂದ ತಾಲೂಕಿನ ಎರೆ ಹೊಲ. ಮಳೆ ನಂಬಿದ ಬೇಸಾಯ. ಹೊಲದ ತಗ್ಗಿಗೆ ಒಂದು ಕೃಷಿ ಹೊಂಡ. ಅದರ ದಂಡೆಗೆ 5 ಅಶ್ವಶಕ್ತಿಯ, ನಿಮಿಷಕ್ಕೆ 1500 ಸುತ್ತು ತಿರುಗುವ ಹಳೇ ಇಂಜಿನ್ನು. ಬೆಲ್ಟಿನ ಮೇಲೆ ಪಂಪು ತಿರುಗುತ್ತದೆ, ಸ್ಪ್ರಿಂಕ್ಲರ್ ಪೈಪಿನಿಂದ ನೀರು ಹಾಯಿಸುತ್ತೇವೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಇಂಥ ಹೊಂಡ, ಪಂಪು ನಮ್ಮ ಕಡೆ ಬಹಳ ಆದವು. ಆಗಿನ ಪಂಪುಗಳಿಗೂ ಈಗ ವಯಸ್ಸಾಗಿದೆ. ಆದ್ದರಿಂದ ಈ ತ್ರಾಸು ನನ್ನೊಬ್ಬನದಲ್ಲ.

ಒಂದು ಹಿಂಗಾರಿಯಲ್ಲಿ ಬಿಳಿಜೋಳ ಹೊಡೆಗೆ ಬಂದಿತ್ತು. ನೆಲ ಬಿರಿಯಾಕ ಹತ್ತಿತ್ತು. ಒಂದು ನೀರು ಕೊಟ್ಟರೆ ಸಾಕು, ಪೀಕು ದಡ ಸೇರುತ್ತಿತ್ತು. ಇಂಜಿನ್ ಚಾಲೂ ಮಾಡಿದರೆ ಸ್ಪ್ರಿಂಕ್ಲರಿನ ತಲೆಗಳು ತಿರುಗಲೇ ಇಲ್ಲ, ನೀರು ಬುಡದಲ್ಲೇ ಸುರಿಯಿತು. ಪೇಟೆಯಿಂದ ಬಂದ ರಿಪೇರಿಯವನು ಒಂದು ಸಲ ಸದ್ದು ಕೇಳಿ, "ಯಜಮಾನ್ರ, ಇಂಜಿನ್ ಹಳೇದಾತ್ರಿ. ರಿಂಗು, ಲೈನರು ಹೋಗ್ಯಾವು" ಅಂದ. ಕಡಲೆ ಮಾರಿದ ರೊಕ್ಕ ಕೊಟ್ಟು ಎಲ್ಲಾ ಹೊಸದು ಹಾಕಿಸಿದೆ. ಆರು ದಿನ ಹೋಯಿತು. ಇಂಜಿನ್ನಿನ ಸದ್ದು ಚಂದಾಯಿತು, ನೀರು ಮಾತ್ರ ಮೊದಲಿನಷ್ಟೇ.

ಆಗ ಬಾದಾಮಿ ಕಡೆಯ ನಮ್ಮ ಸೋದರಮಾವ ಬಂದಿದ್ದರು. ಮಲಪ್ರಭೆ ದಂಡೆಗೆ ಮೂವತ್ತು ವರ್ಷ ಇಂಜಿನ್ ಹೊಡೆದವರು. ಅವರು ಪಾನಾ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಹೊಗೆಕೊಳವೆ ನೋಡುತ್ತ ನಿಂತು, "ತಮ್ಮಾ, ಇಂಜಿನ್ ಆರಾಮ ಓಡಾಕತ್ತೈತಿ. ಹೊರಿ ಹೊತ್ತಾಂವ ಹಿಂಗ ನಕ್ಕೋಂತ ಹೊಕ್ಕಾನೇನು? ಪಂಪ್ ಬಿಚ್ಚು" ಅಂದರು.

ಬಿಚ್ಚಿದರೆ ಫುಟ್‌ವಾಲ್ವಿನ ಜಾಳಿಗೆ ಪಾಚಿ ಮತ್ತು ರಾಡಿ ಮೆತ್ತಿತ್ತು. ಒಳಗಿನ ಇಂಪೆಲ್ಲರು ಸವೆದು, ಅದಕ್ಕೂ ಪಂಪಿನ ಮೈಗೂ ನಡುವೆ ಬೆರಳು ಹೋಗುವಷ್ಟು ಸಂದು. ಎತ್ತಿದ ನೀರು ಆ ಸಂದಿನಿಂದ ಹಿಂದಕ್ಕೇ ಬರುತ್ತಿತ್ತು. ಜಾಳಿಗೆ ತೊಳೆದು ಇಂಪೆಲ್ಲರು ಬದಲಿಸಿದ್ದಕ್ಕೆ 2,000 ರೂಪಾಯಿಯೂ ಆಗಲಿಲ್ಲ. ಆದರೆ ಅಷ್ಟರಲ್ಲಿ ಅರ್ಧ ಹೊಲದ ತೆನೆ ಜಳ್ಳಾಗಿ ಹೋಗಿತ್ತು.

ಮೊದಲು ಅಳತೆ

ಕಣ್ಣಂದಾಜು ಬ್ಯಾಡ. 200 ಲೀಟರಿನ ಬ್ಯಾರಲ್ಲು ಪಂಪಿನ ಬಾಯಿಗೆ ಹಿಡಿದು ಗಡಿಯಾರ ನೋಡಿರಿ. ನನ್ನದು ಹೊಸದಿದ್ದಾಗ 20 ಸೆಕೆಂಡಿಗೆ ತುಂಬುತ್ತಿತ್ತು, ಕೆಟ್ಟಾಗ 38 ಆಗಿತ್ತು, ರಿಪೇರಿ ಆದ ಮೇಲೆ 21. ಪಂಪು ಚಲೋ ಇದ್ದಾಗಲೇ ಈ ಅಂಕಿ ಗೋಡೆಗೆ ಬರೆದಿಡಿರಿ. ಬ್ಯಾರಲ್ಲು ಮೊದಲಿನಷ್ಟೇ ಹೊತ್ತಿಗೆ ತುಂಬಿದರೆ ತಪ್ಪು ಮುಂದಿನ ಪೈಪಿನಲ್ಲಿ. ಒಡೆದ ವಾಷರು, ಕಸ ಸಿಕ್ಕ ಜೆಟ್ಟು, ಹಿಗ್ಗಿದ ತೂತು ನೋಡಿರಿ.

ಆಮೇಲೆ ಸುತ್ತು. ಸುತ್ತು ಎಣಿಸುವ ಮೀಟರು ರಿಪೇರಿ ಅಂಗಡಿಗಳಲ್ಲಿ ಇರುತ್ತದೆ. ಇಂಜಿನ್ನು, ಪಂಪು ಎರಡರದ್ದೂ ನೀರು ಎತ್ತುತ್ತಿರುವಾಗಲೇ ನೋಡಬೇಕು. ಪಂಪಿನ ಸುತ್ತು ನೂರಕ್ಕೆ 10 ಪಾಲು ತಗ್ಗಿದರೆ ನೀರು 10 ಪಾಲು ತಗ್ಗುತ್ತದೆ, ಆದರೆ ಒತ್ತಡ 19 ಪಾಲು ಇಳಿಯುತ್ತದೆ. ಸ್ಪ್ರಿಂಕ್ಲರಿಗೆ ಬೇಕಾದದ್ದು ಒತ್ತಡ. ಅದಕ್ಕೇ ಸುತ್ತು ಸ್ವಲ್ಪ ಇಳಿದರೂ ಸ್ಪ್ರಿಂಕ್ಲರು ಬಹಳ ಸೊರಗುತ್ತದೆ.

ಹೊಗೆ ಏನು ಹೇಳುತ್ತದೆ

ಮಾವ ನೋಡಿದ್ದು ಇದನ್ನೇ. ನೀರು ಎತ್ತುವುದೇ ಇಂಜಿನ್ನಿನ ಹೊರೆ. ಫುಟ್‌ವಾಲ್ವು ಕಟ್ಟಿಕೊಂಡರೆ ಪಂಪಿಗೆ ನೀರೇ ಬರುವುದಿಲ್ಲ, ಇಂಜಿನ್ನಿಗೆ ಕೆಲಸವೂ ಕಡಿಮೆ. ಅದು ಪೂರಾ ಸುತ್ತಿನಲ್ಲಿ, ಹೊಗೆ ಇಲ್ಲದೆ, ಹಗುರಾಗಿ ಓಡುತ್ತದೆ. ಸುತ್ತು ಇದೆ, ಹೊಗೆ ಇಲ್ಲ, ನೀರು ಇಲ್ಲ ಅಂದರೆ ಇಂಜಿನ್ ಮುಟ್ಟಬ್ಯಾಡಿರಿ.

ಸುತ್ತು ಇಳಿದು ಕರಿ ಹೊಗೆ ಬಂದರೆ ಇಂಜಿನ್ನಿಗೆ ಗಾಳಿ ಸಾಲದು, ಇಲ್ಲವೆ ಹೊರೆ ಮೀರಿದೆ. ನೀಲಿ ಹೊಗೆ ಅಂದರೆ ಇಂಜಿನ್ ಎಣ್ಣೆ ಸುಡುತ್ತಿದೆ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿ ಸುಡುತ್ತಿಲ್ಲ, ಅಥವಾ ಅದರಲ್ಲಿ ನೀರು ಸೇರಿದೆ.

ನೀರಿನ ಕಡೆ ಮತ್ತು ಬೆಲ್ಟು

ಜಾಳಿಗೆ ತೊಳೆಯುವುದರಿಂದ ಸುರು ಮಾಡಿರಿ, ಅದಕ್ಕೆ ಖರ್ಚಿಲ್ಲ. ಬೀಳುವ ನೀರಿನಲ್ಲಿ ಗುಳ್ಳೆ ಬಂದರೆ, ನೀರು ಜಗ್ಗಿ ಜಗ್ಗಿ ಬಂದರೆ, ಸಕ್ಷನ್ ಪೈಪು ಗಾಳಿ ಎಳೆಯುತ್ತಿದೆ. ಇಂಜಿನ್ ನಿಲ್ಲಿಸಿ ಪೈಪು ತುಂಬ ನೀರು ಹಾಕಿರಿ, ಎಲ್ಲಿ ಜಿನುಗುತ್ತದೋ ಅಲ್ಲೇ ಗಾಳಿಯೂ ಹೊಗುತ್ತದೆ. ಪಂಪಿನ ಗ್ಲ್ಯಾಂಡಿನ ದಾರವನ್ನೂ ನೋಡಿರಿ. ಅದರಿಂದ ಹನಿ ಹನಿ ನೀರು ತೊಟ್ಟಿಕ್ಕಬೇಕು. ಬಹಳ ಬಿಗಿ ಮಾಡಿದರೆ ಇಂಜಿನ್ನಿಗೆ ಅದೇ ಹೊರೆ.

ನದಿ ದಂಡೆಯವರಿಗೆ ಇನ್ನೊಂದು ಮಾತು. ಬ್ಯಾಸಗಿಯಲ್ಲಿ ನೀರು ಕೆಳಗಿಳಿದಾಗ ಪಂಪನ್ನೂ ಕೆಳಗೆ ಇಳಿಸಬೇಕು. ನೀರಿನಿಂದ ಪಂಪು 20 ಅಡಿಗಿಂತ ಎತ್ತರ ಆದರೆ ಹೊಸ ಪಂಪೂ ತಿಣುಕುತ್ತದೆ. ಬಾದಾಮಿ ಕಡೆ ನೀರಿನಲ್ಲಿ ಉಸುಕು ಹೆಚ್ಚು, ಇಂಪೆಲ್ಲರು ಬೇಗ ಸವೆಯುತ್ತದೆ. ಫುಟ್‌ವಾಲ್ವು ತಳಕ್ಕೆ ತಾಗಿಸದೆ ಎರಡಡಿ ಮೇಲೆ ತೂಗಿಡಿರಿ. ನಮ್ಮ ಹೊಂಡದ ರಾಡಿಗೂ ಇದೇ ಉಪಾಯ.

ಇಂಜಿನ್ ಸುತ್ತು ಸರಿ ಇದ್ದು ಪಂಪಿನ ಸುತ್ತು ಕಡಿಮೆ ಇದ್ದರೆ ತಪ್ಪು ಬೆಲ್ಟಿನದು. ಮಿಂಚುವಷ್ಟು ನುಣುಪಾದ ಬೆಲ್ಟು ಜಾರುತ್ತದೆ. ಪುಲ್ಲಿ ಬದಲಿಸಿದ್ದು ನೆನಪಿದ್ದರೆ ಅಳೆಯಿರಿ. ಇಂಜಿನ್ನಿಗೆ 5 ಇಂಚಿನದು, ಪಂಪಿಗೆ 6 ಇಂಚಿನದು ಇದ್ದರೆ 1500ರ ಬದಲು ಪಂಪಿಗೆ ಸಿಗುವುದು 1250 ಸುತ್ತು. ಓಡುವ ಬೆಲ್ಟಿನ ಹತ್ತಿರ ಧೋತರ, ಟವೆಲ್ ಸಡಿಲ ಬಿಟ್ಟುಕೊಂಡು ನಿಲ್ಲಬ್ಯಾಡಿರಿ.

ಕೊನೆಗೆ ಇಂಜಿನ್

ಬೆಲ್ಟು ತೆಗೆದು ಬರೇ ಇಂಜಿನ್ ಓಡಿಸಿರಿ. ಬರೇ ಓಡುವಾಗ ಸರಿ ಇದ್ದು ಹೊರೆ ಬಿದ್ದಾಗ ಸೊರಗಿದರೆ, ಸೋವಿಯಿಂದ ತುಟ್ಟಿಯ ಕಡೆಗೆ ಹೋಗಬೇಕು. ಮೊದಲು ಡೀಸೆಲ್ ಟಾಕಿಯ ತಳದ ನೀರು ಬಿಟ್ಟು ಫಿಲ್ಟರು ಬದಲಿಸಿರಿ. ಎರಡನೆಯದು ಏರ್ ಕ್ಲೀನರು. ರಾಶಿ ಮಾಡುವ ಕಾಲದ ಧೂಳಿಗೆ ಅದರ ಎಣ್ಣೆ ಕೆಸರಾಗಿರುತ್ತದೆ. ಮೂರನೆಯದು ಸೈಲೆನ್ಸರಿನ ಮಸಿ. ನಾಲ್ಕನೆಯದು ಟ್ಯಾಪೆಟ್ ಸಂದು. ಐದನೆಯದು ನೋಝಲ್, ಅದನ್ನು ಒತ್ತಡ ನೋಡುವ ಯಂತ್ರ ಇದ್ದವರಲ್ಲೇ ತೋರಿಸಬೇಕು.

ಇಷ್ಟಾದ ಮೇಲೆ ಡೀಸೆಲ್ ಬಂದು ಮಾಡಿ, ಹ್ಯಾಂಡಲ್ ತೆಗೆದಿಟ್ಟು, ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿರಿ. ದಮ್ಮು ಇದ್ದರೆ ಗಾಲಿ ತಡೆದು ಹಿಂದಕ್ಕೆ ತಳ್ಳುತ್ತದೆ. ತಡೆಯದೆ ಸಲೀಸಾಗಿ ತಿರುಗಿದರೆ, ಜೊತೆಗೆ ನೀಲಿ ಹೊಗೆ ಇದ್ದು ಎಣ್ಣೆ ಮೇಲಿಂದ ಮೇಲೆ ಕಡಿಮೆ ಆಗುತ್ತಿದ್ದರೆ, ಆಗ ರಿಂಗು, ಲೈನರಿನ ಮಾತು. ವಾಲ್ವು ಸರಿ ಕೂಡದಿದ್ದರೂ ದಮ್ಮು ಹೋಗುತ್ತದೆ, ಅದನ್ನೂ ನೋಡಿಸಿರಿ.

ರಿಪೇರಿಯವನ ಮೇಲೆ ನನಗೆ ಸಿಟ್ಟಿಲ್ಲ. ಇಂಜಿನ್ನಿನವನನ್ನು ಕರೆದು ಇಂಜಿನ್ ತೋರಿಸಿದೆ, ಅವನು ಇಂಜಿನ್ ಬಿಚ್ಚಿದ. ನೀರು ಕಡಿಮೆ ಆಗಿದೆ ಅಂತ ಹೇಳಿ ಬ್ಯಾರಲ್ಲಿನ ಲೆಕ್ಕ ಮುಂದಿಡುವುದು ನನ್ನ ಕೆಲಸವಾಗಿತ್ತು. ಈಗ ಪ್ರತಿ ಸಲ ಹಿಂಗಾರಿ ಬಿತ್ತಿ ಮುಗಿದ ಕೂಡಲೇ, ನೀರು ಬೇಕಾಗುವ ಮೊದಲೇ, ಬ್ಯಾರಲ್ಲು ಹಿಡಿದು ನೋಡುತ್ತೇನೆ. ಹೋದ ಸಲ 22 ಸೆಕೆಂಡು ಬಂತು.