ಜಿದ್ದಾದ ಬಟ್ಟೆ ಚಾವಣಿ

ಹಜ್ ಯಾತ್ರೆಯ ಕೆಲವು ವಾರ ಜಿದ್ದಾ ವಿಮಾನ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕರ್ನಾಟಕದ ಯಾತ್ರಿಕರಲ್ಲೂ ಎಷ್ಟೋ ಮಂದಿ ಇಳಿಯುವುದು ಅಲ್ಲೇ. ಮುಂದಿನ ಬಸ್ಸಿಗಾಗಿ ಗಂಟೆಗಟ್ಟಲೆ ಕಾಯಬೇಕು, ಹೊರಗೆ ಸುಡುಬಿಸಿಲು. ನಿಲ್ದಾಣ ಕಟ್ಟಿದ ಕಾಲದಲ್ಲಿ ವರ್ಷದ ಉಳಿದ ದಿನ ಅಷ್ಟು ದೊಡ್ಡ ಜಾಗಕ್ಕೆ ಹೆಚ್ಚು ಕೆಲಸವಿರಲಿಲ್ಲ. ಅಲ್ಲಿ ಗೋಡೆ ಎಬ್ಬಿಸಿ ಇಡೀ ಜಾಗಕ್ಕೆ ಎ.ಸಿ. ಹಾಕಿದ್ದರೆ ದುಂದಾಗುತ್ತಿತ್ತು. 1981ರಲ್ಲಿ ತೆರೆದ ಹಜ್ ಟರ್ಮಿನಲ್‌ನಲ್ಲಿ ತಪಾಸಣೆಯ ಕಟ್ಟಡಗಳಿಗೆ ಮಾತ್ರ ಎ.ಸಿ. ಇತ್ತು. ಕಾಯುವ ಜಾಗಕ್ಕೆ ಗೋಡೆಯೇ ಇಲ್ಲ, ಮೇಲೊಂದು ಬಟ್ಟೆಯ ಚಾವಣಿ ಅಷ್ಟೆ.

ಶಿಕಾಗೋದ ಸಿಯರ್ಸ್ ಟವರ್‌ಗೆ ಹೆಸರಾದ, ಬಾಂಗ್ಲಾ ಮೂಲದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಇದರ ರಚನೆಯ ಹಿಂದಿದ್ದವರಲ್ಲಿ ಪ್ರಮುಖರು. 45 ಮೀಟರ್ ಎತ್ತರದ ಉಕ್ಕಿನ ಕಂಬಗಳಿಂದ ಕೇಬಲ್‌ಗಳಲ್ಲಿ ತೂಗುಬಿಟ್ಟ 210 ಗುಡಾರಗಳು; ಒಂದೊಂದೂ 45 ಮೀಟರ್ ಚೌಕ. ಒಟ್ಟು ನೆರಳು ನೂರು ಎಕರೆಗೂ ಮಿಕ್ಕಿ.

ಇಷ್ಟು ಅಗಲದ ಚಾವಣಿ ಇಷ್ಟು ಹಗುರವಾಗಿರಲು ಕಾರಣವೇನು? ಪೊರಕೆ ಕಡ್ಡಿಯೊಂದನ್ನು ಎರಡೂ ತುದಿಯಿಂದ ಒತ್ತಿ ನೋಡಿ, ಥಟ್ಟನೆ ಬಾಗುತ್ತದೆ. ಅದನ್ನೇ ಎಳೆದರೆ ಸುಲಭಕ್ಕೆ ತುಂಡಾಗುವುದಿಲ್ಲ. ಒತ್ತಡ ಹೊರುವ ವಸ್ತು ಬಾಗದಿರಲು ದಪ್ಪವಾಗಿರಲೇಬೇಕು. ಎಳೆತ ಹೊರುವುದಕ್ಕೆ ಆ ತಾಪತ್ರಯವಿಲ್ಲ, ಅದರ ಕಣಕಣವೂ ಕೆಲಸಕ್ಕೆ ಬರುತ್ತದೆ. ಬಿಗಿದು ಕಟ್ಟಿದ ಬಟ್ಟೆ ಹೊರುವುದು ಎಳೆತವನ್ನೇ. ಹತ್ತು ಸೆಂಟಿಮೀಟರ್ ದಪ್ಪದ ಆರ್‌ಸಿಸಿ ಚಾವಣಿ ಚದರ ಮೀಟರಿಗೆ ಸುಮಾರು 250 ಕಿಲೊ ತೂಗಿದರೆ, ಗಾಜಿನ ನಾರಿನಲ್ಲಿ ನೇಯ್ದು ಟೆಫ್ಲಾನ್ ಬಳಿದ ಇಂಥ ಬಟ್ಟೆ ಒಂದೂವರೆ ಕಿಲೊ ತೂಗುತ್ತದೆ. ಬಟ್ಟೆಯನ್ನು ಸಮತಟ್ಟಾಗಿ ಹಾಸಿದ್ದರೆ ಗಾಳಿಗೆ ಪಟಪಟ ಬಡಿದು ಹರಿಯುತ್ತಿತ್ತು. ಅದನ್ನು ಗೋಪುರದಂತೆ ಮೇಲಕ್ಕೆಳೆದು, ಎರಡು ದಿಕ್ಕಿಗೂ ಬಾಗಿಸಿ ಬಿಗಿದದ್ದರಿಂದ ಗಟ್ಟಿಯಾಗಿ ನಿಂತಿದೆ.

ನನ್ನ ಮಟ್ಟಿಗೆ ಹಗುರಕ್ಕಿಂತ ದೊಡ್ಡ ಗುಣ ತಂಪು. ತಗಡಿನ ಚಾವಣಿಯ ಬಸ್ ನಿಲ್ದಾಣದಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತವರಿಗೆ ಗೊತ್ತು: ನೆರಳಿದ್ದರೂ ನೆತ್ತಿ ಸುಡುತ್ತದೆ. ಕಾದ ತಗಡೇ ಕೆಳಗಿರುವವರ ಮೇಲೆ ಶಾಖ ಸೂಸುತ್ತಿರುತ್ತದೆ. ಜಿದ್ದಾದ ಬಿಳಿ ಬಟ್ಟೆ ಬಿಸಿಲಿನ ಬಹುಪಾಲನ್ನು ಬಂದ ದಾರಿಗೇ ಕಳಿಸುತ್ತದೆ. ಸ್ವಲ್ಪ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಹಗಲಲ್ಲಿ ದೀಪ ಬೇಡ. ಬಿಸಿಗಾಳಿ ಮೇಲೇರಿ ಗುಡಾರದ ತುದಿಯಲ್ಲಿ ಬಿಟ್ಟಿರುವ ಕಿಂಡಿಯಿಂದ ಹೊರಹೋಗುತ್ತದೆ, ಬದಿಗಳಿಂದ ಹೊಸ ಗಾಳಿ ನುಗ್ಗುತ್ತದೆ. ಬಟ್ಟೆ ತೆಳುವಾದ್ದರಿಂದ ಶಾಖ ಹಿಡಿದಿಡುವುದೂ ಕಡಿಮೆ. ಸಂಜೆಯಾದ ಮೇಲೂ ಬಿಸಿ ಉಗುಳುತ್ತಲೇ ಇರುವ ಕಾಂಕ್ರೀಟಿನ ಕಾಟ ಇಲ್ಲಿಲ್ಲ. 1983ರಲ್ಲಿ ಈ ಕಟ್ಟಡಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಹಾಗೆಂದು ಎಲ್ಲೆಡೆ ಬಟ್ಟೆ ಕಟ್ಟಿಬಿಡುವಂತಿಲ್ಲ. ಶಾಖ ತಡೆಯುವ ದಪ್ಪ ಅದಕ್ಕಿಲ್ಲ. ಬಾಗಿಲು ಮುಚ್ಚಿ ಎ.ಸಿ. ನಡೆಸುವ ಹಾಲ್‌ಗೆ ಒಂದೇ ಪದರ ಹೊದಿಸಿದರೆ ತಂಪು ನಿಲ್ಲದು, ಚಳಿಗಾಲದಲ್ಲಿ ಬೆಚ್ಚಗೂ ಇರದು. ಅಮೆರಿಕದ ಡೆನ್ವರ್‌ನಲ್ಲಿ 1995ರಲ್ಲಿ ತೆರೆದ ವಿಮಾನ ನಿಲ್ದಾಣಕ್ಕೂ ಇದೇ ಬಗೆಯ ಚಾವಣಿಯಿದೆ. ಅಲ್ಲಿ ಗೋಡೆಯೂ ಉಂಟು, ಹಿಮವೂ ಬೀಳುತ್ತದೆ. ಆದ್ದರಿಂದ ಎಂಜಿನಿಯರುಗಳು ಬಟ್ಟೆಯನ್ನು ಎರಡು ಪದರ ಮಾಡಿ, ನಡುವೆ ಗಾಳಿಗೆ ಜಾಗ ಬಿಟ್ಟರು.