ಮ್ಯಾಪ್ ದಾರಿ ತಪ್ಪಿಸಿದಾಗ ತಪ್ಪು ಎಲ್ಲಿದೆ? ಪಟಾನ್‌ಚೆರುವಿನಿಂದ ಗಚ್ಚಿಬೌಲಿಗೆ ಹೋಗ್ತಾ ನೋಡೋಣ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಎಂದಿನಂತೆ ಇಲ್ಲಿ ಬರಹದಲ್ಲಿ ಕೊಡ್ತಿದ್ದೀನಿ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಾನೂ ಸೇರಿಸಿದ್ದೀನಿ. ಬೀದರ್, ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ಹೈದರಾಬಾದಿಗೆ ಕಾರು ತಗೊಂಡು ಬರೋರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತೆ. ಬೆಂಗಳೂರಲ್ಲಿ, ಪುಣೆಯಲ್ಲಿ ಓಡಿಸೋರಿಗೂ ವಿಷಯ ಅದೇ, ರಸ್ತೆಯ ಹೆಸರು ಮಾತ್ರ ಬೇರೆ.

ಮೊದಲು ನಮ್ಮ ಮನೆಯದೇ ಒಂದು ಕಥೆ. ನಮ್ಮ ಕಾಕಾ ಹುಮನಾಬಾದಿನವರು. ಕಾಕಿಗೆ ಕಣ್ಣಿನ ಆಪರೇಷನ್ ಆಗಿತ್ತು, ಮತ್ತೆ ತೋರಿಸೋಕೆ ಗಚ್ಚಿಬೌಲಿ ಕಡೆಯ ಒಂದು ಆಸ್ಪತ್ರೆಗೆ ಬರ್ತಿದ್ರು. 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಜಹೀರಾಬಾದ್, ಸಂಗಾರೆಡ್ಡಿ ದಾಟಿ, ಪಟಾನ್‌ಚೆರು ಹತ್ತಿರದ ಮುತ್ತಂಗಿಯಲ್ಲಿ ಓಆರ್‌ಆರ್ ಹತ್ತಿದ್ರು. ಹತ್ತಿದ್ದು ಸರಿಯಾಗೇ ಇತ್ತು. ಆದ್ರೆ ಹತ್ತಿ ಸ್ವಲ್ಪ ಹೊತ್ತಿಗೇ ಫೋನು "ಯೂ ಟರ್ನ್ ತಗೊಳ್ಳಿ" ಅಂತ ಶುರು ಮಾಡ್ತು. ಕಾಕಾ ಗಾಬರಿಬಿದ್ದು ಗಾಡಿ ಅಂಚಿಗೆ ಹಾಕಿ ನನಗೆ ಫೋನ್ ಮಾಡಿದ್ರು.

"ಎಲ್ಲೋ ದಾರಿ ತಪ್ಪೀನಿ ಅನಸ್ತದಪ. ಭಾಳ ದೂರ ಬಂದಿಲ್ಲ, ರಿವರ್ಸ್ ತಗೊಂಡು ಇಳಿದುಬಿಡ್ಲೇನು?"

"ಬ್ಯಾಡ ಕಾಕಾ! ರಿವರ್ಸ್ ಮಾತ್ರ ಬ್ಯಾಡ್ರಿ. ಮೊದಲು ಮುಂದಿನ ಬೋರ್ಡ್ ಮ್ಯಾಲ ಏನದ ಹೇಳ್ರಿ."

ಬೋರ್ಡ್ ಮೇಲೆ ಗಚ್ಚಿಬೌಲಿ ಅಂತಲೇ ಇತ್ತು. ಅಂದ್ರೆ ಕಾಕಾ ಸರಿಯಾದ ದಾರಿಯಲ್ಲೇ ಇದ್ರು. ಫೋನಿನ ಲೆಕ್ಕದಲ್ಲಿ ಮಾತ್ರ ಅವರು ಪಕ್ಕದ ಸರ್ವಿಸ್ ರಸ್ತೆಯಲ್ಲಿದ್ರು!

ಇದು ನಗೋ ವಿಷಯ ಅಲ್ಲ. ಓಆರ್‌ಆರ್ ಅನ್ನೋದು 158 ಕಿಲೋಮೀಟರ್ ಉದ್ದದ, 8 ಪಥದ ರಸ್ತೆ. ಕಾರುಗಳಿಗೆ ಗಂಟೆಗೆ 120 ಕಿಲೋಮೀಟರ್ ತನಕ ಅವಕಾಶ ಇದೆ. ಆ ವೇಗದಲ್ಲಿ ಬರೋ ಗಾಡಿ ಒಂದು ಸೆಕೆಂಡಿಗೆ 33 ಮೀಟರ್ ದಾಟುತ್ತೆ. ಅಲ್ಲಿ ಸುಮ್ಮನೆ ನಿಂತಿರೋದೇ ಅಪಾಯ, ಇನ್ನು ಹಿಂದಕ್ಕೆ ಬರೋದು ಅಂದ್ರೆ ಜೀವದ ಜೊತೆ ಆಟ. ಮ್ಯಾಪಿನ ತಪ್ಪು ಕೆಲವು ಮೀಟರಿನದು, ಅದನ್ನ ನಂಬಿ ನಾವು ಮಾಡೋ ತಪ್ಪು ದೊಡ್ಡದು.

ಹಾಗಾಗಿ ಇವತ್ತು ನಾನು ಹೇಳಬೇಕು ಅಂತಿರೋದು ಒಂದೇ ಮಾತು. "ಮ್ಯಾಪ್ ಸರಿ ಇಲ್ಲ" ಅಂತ ಒಟ್ಟಾರೆ ಬೈದು ಫೋನ್ ಆಫ್ ಮಾಡಿ ಆನ್ ಮಾಡೋದಲ್ಲ. ತಪ್ಪು ನಾಲ್ಕು ಥರ ಇರುತ್ತೆ. ನಾಲ್ಕೂ ಸ್ಕ್ರೀನ್ ಮೇಲೆ ಬೇರೆ ಬೇರೆ ಥರ ಕಾಣಿಸುತ್ತೆ, ನಾಲ್ಕಕ್ಕೂ ಮದ್ದು ಬೇರೆ.

ಫೋನಿಗೆ ತಾನೆಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದೂ "ನಾನು ಇಂಥ ಕಡೆ ಇದ್ದೀನಿ, ಈಗ ಇಷ್ಟು ಗಂಟೆ" ಅಂತ ರೇಡಿಯೋದಲ್ಲಿ ಹೇಳ್ತಾ ಇರುತ್ತೆ. ಆ ಸಿಗ್ನಲ್ ನಮ್ಮನ್ನ ಮುಟ್ಟೋಕೆ ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಬೇಕು. ಎಷ್ಟು ತಡವಾಗಿ ಬಂತು ಅನ್ನೋದರ ಮೇಲೆ ಫೋನು ದೂರ ಲೆಕ್ಕ ಹಾಕುತ್ತೆ. ಹೀಗೆ ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ನಾವಿರೋ ಜಾಗ ಗೊತ್ತಾಗುತ್ತೆ.

ಬಯಲಲ್ಲಿ, ಮೇಲೆ ಆಕಾಶ ಪೂರ್ತಿ ಕಾಣ್ತಿದ್ರೆ, ಸಾಮಾನ್ಯ ಸ್ಮಾರ್ಟ್‌ಫೋನಿನ ಲೆಕ್ಕ ಸುಮಾರು 5 ಮೀಟರ್ ಒಳಗೆ ಬರುತ್ತೆ. ಅಂದ್ರೆ ಎಲ್ಲಾ ಚೆನ್ನಾಗಿದ್ದಾಗಲೂ ನೀವು ಯಾವ ಪಥದಲ್ಲಿದ್ದೀರಿ ಅಂತ ಅದಕ್ಕೆ ಖಚಿತವಾಗಿ ಗೊತ್ತಿರಲ್ಲ. ಇದು ನೆನಪಿರಲಿ.

ಒಂದು: ಬಾಣ ಜಿಗೀತಾ ಇದೆ

ಫೈನಾನ್ಷಿಯಲ್ ಡಿಸ್ಟ್ರಿಕ್ಟ್, ನಾನಕ್‌ರಾಮ್‌ಗುಡ ಕಡೆ ಹೋಗಿದ್ರೆ ಅಲ್ಲಿನ ಗಾಜಿನ ಕಟ್ಟಡಗಳನ್ನ ನೋಡಿರ್ತೀರಿ. ಅಂಥ ಎತ್ತರದ ಕಟ್ಟಡಗಳ ನಡುವೆ ಬಾಣ ಒಂದು ಕ್ಷಣ ಈ ರಸ್ತೆ, ಮರುಕ್ಷಣ ಆ ರಸ್ತೆ ಅಂತ ಹಾರಾಡುತ್ತೆ. ಕೆಲವು ಸಲ ಕಟ್ಟಡದ ಒಳಗೇ ಹೋಗಿ ಕೂರುತ್ತೆ.

ಕಾರಣ ಪ್ರತಿಧ್ವನಿ. ಗೋಲ್‌ಗುಂಬಜಿನಲ್ಲಿ ಕೂಗಿದರೆ ಒಂದೇ ಕೂಗು ಹಲವು ಸಲ ಕೇಳುತ್ತಲ್ಲ, ಹಾಗೆ. ಉಪಗ್ರಹದಿಂದ ನೇರವಾಗಿ ಬರೋ ಸಿಗ್ನಲ್ ಕಟ್ಟಡಕ್ಕೆ ಅಡ್ಡ ಸಿಗುತ್ತೆ, ಎದುರಿನ ಗಾಜಿಗೆ ಬಡಿದು ಬಂದದ್ದು ಮಾತ್ರ ಫೋನನ್ನ ಮುಟ್ಟುತ್ತೆ. ಅದು 60 ಮೀಟರ್ ಸುತ್ತಿಕೊಂಡು ಬಂದಿದ್ರೆ ಆಗೋ ತಡ ಒಂದು ಸೆಕೆಂಡಿನ ಕೋಟಿಯಲ್ಲಿ ಎರಡು ಭಾಗ, ಅಷ್ಟೇ. ಆದ್ರೆ ಫೋನು ಮಾತ್ರ ಉಪಗ್ರಹ 60 ಮೀಟರ್ ದೂರ ಹೋಯ್ತು ಅಂತ ತಿಳ್ಕೊಳ್ಳುತ್ತೆ.

ಮದ್ದು ಏನು? ಫೋನನ್ನ ಗೇರ್ ಹತ್ತಿರದ ಗುಂಡಿಯಲ್ಲಿ ಇಡಬೇಡಿ, ಮುಂದಿನ ಗಾಜಿನ ಕೆಳಗೆ, ಆಕಾಶ ಕಾಣೋ ಹಾಗೆ ಸ್ಟ್ಯಾಂಡಿಗೆ ಹಾಕಿ. ಬಿಸಿಲು ತಡೆಯೋಕೆ ಲೋಹದ ತೆಳು ಲೇಪ ಇರೋ ಗಾಜು ಅಥವಾ ಫಿಲ್ಮ್ ಹಾಕಿದ್ರೆ ಅದೂ ಸಿಗ್ನಲ್ ತಡೆಯುತ್ತೆ. ಕೆಲವು ಅಗ್ಗದ ಡ್ಯಾಶ್‌ಕ್ಯಾಮ್ ಮತ್ತು ಚಾರ್ಜರ್‌ಗಳು ರೇಡಿಯೋ ಗದ್ದಲ ಎಬ್ಬಿಸುತ್ತವೆ. ಒಂದೊಂದನ್ನೇ ಕಿತ್ತು ನೋಡಿ, ಕಳ್ಳ ಸಿಕ್ಕಿಬೀಳ್ತಾನೆ.

ಹೊಸ ಫೋನ್ ತಗೊಳ್ಳೋರು ಎಲ್‌1 ಜೊತೆ ಎಲ್‌5 ತರಂಗಾಂತರಾನೂ ಹಿಡಿಯುತ್ತಾ ಅಂತ ಕೇಳಿ. ಎಲ್‌5 ಸಿಗ್ನಲ್ಲಿನ ಮಿಡಿತ ಹತ್ತು ಪಟ್ಟು ಚುರುಕು. ಹಾಗಾಗಿ ನೇರ ಬಂದದ್ದು ಯಾವುದು, ಗೋಡೆಗೆ ಬಡಿದು ಬಂದದ್ದು ಯಾವುದು ಅಂತ ಬೇರೆ ಮಾಡೋದು ಸುಲಭ. ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳೂ ಎಲ್‌5ರಲ್ಲಿ ಸಿಗ್ನಲ್ ಕಳಿಸ್ತವೆ.

ಆಸ್ಪತ್ರೆಯ, ಮಾಲಿನ ನೆಲಮಾಳಿಗೆಯಿಂದ ಹೊರಗೆ ಬಂದ ತಕ್ಷಣ ಬಾಣ ನಂಬಬೇಡಿ. ಫೋನಿಗೆ ಉಪಗ್ರಹಗಳ ಮಾಹಿತಿ ಇಂಟರ್ನೆಟ್ಟಿನಿಂದ ಬೇಗ ಸಿಗುತ್ತೆ. ಕಾರಿನಲ್ಲೇ ಬಂದ ಹಳೇ ನ್ಯಾವಿಗೇಷನ್ ಅದನ್ನ ಉಪಗ್ರಹದಿಂದಲೇ ಕೇಳಿ ತಗೋಬೇಕು, ತಿಂಗಳುಗಟ್ಟಲೆ ಗಾಡಿ ನಿಂತಿದ್ರೆ ಕೆಲವು ನಿಮಿಷ ಬೇಕಾಗುತ್ತೆ. ರ‍್ಯಾಂಪ್ ಹತ್ತಿ, ಸುರಕ್ಷಿತ ಜಾಗದಲ್ಲಿ ಅರ್ಧ ನಿಮಿಷ ನಿಂತು ಹೊರಡಿ.

ಎರಡು: ಬಾಣ ಸ್ಥಿರವಾಗಿದೆ, ಆದ್ರೆ ಬೇರೆ ರಸ್ತೆ ಮೇಲಿದೆ

ಕಾಕಾಗೆ ಆಗಿದ್ದು ಇದೇ. ಮುತ್ತಂಗಿಯಲ್ಲಿ ಕಟ್ಟಡಗಳ ಅಡ್ಡಿ ಏನೂ ಇಲ್ಲ, ಆಕಾಶ ಪೂರ್ತಿ ತೆರೆದಿದೆ. ಆದ್ರೂ ತಪ್ಪಾಯ್ತಲ್ಲ, ಯಾಕೆ?

ಫೋನು ನಿಮ್ಮ ಜಾಗ ಲೆಕ್ಕ ಹಾಕಿದ ಮೇಲೆ ಇನ್ನೊಂದು ಕೆಲಸ ಮಾಡುತ್ತೆ. "ಕಾರು ಅಂದ ಮೇಲೆ ರಸ್ತೆ ಮೇಲೇ ಇರಬೇಕು" ಅಂತ ಅಂದಾಜಿಸಿ, ಬಾಣವನ್ನ ಹತ್ತಿರದ ರಸ್ತೆಗೆ ಎಳೆದು ಅಂಟಿಸುತ್ತೆ. ಹೊಲದ ನಡುವೆ ಒಂದೇ ರಸ್ತೆ ಇದ್ರೆ ಇದು ಒಳ್ಳೇದೇ. ಆದ್ರೆ ಮೇಲೆ ಹತ್ತೋ ರ‍್ಯಾಂಪು, ಸರ್ವಿಸ್ ರಸ್ತೆ ಎರಡೂ ಅಕ್ಕಪಕ್ಕ ಒಂದೇ ದಿಕ್ಕಿಗೆ ಓಡ್ತಿರೋ ಕಡೆ, ಒಂದರ ಮೇಲೊಂದು ರಸ್ತೆ ದಾಟೋ ಕಡೆ, ಅದು ತಪ್ಪು ರಸ್ತೆಗೆ ಅಂಟಬಹುದು. ಒಮ್ಮೆ ಅಂಟಿದ್ರೆ ಬಿಡಿಸ್ಕೊಳ್ಳೋಕೆ ಹೊತ್ತು ಬೇಕು.

ಫ್ಲೈಓವರ್ ಇನ್ನೂ ಕಷ್ಟ. ಉಪಗ್ರಹಗಳೆಲ್ಲ ನಮ್ಮ ತಲೆ ಮೇಲೇ ಇರೋದ್ರಿಂದ, ಎತ್ತರದ ಲೆಕ್ಕದಲ್ಲಿ ತಪ್ಪು ಜಾಸ್ತಿ. ಮೇಲಿನ ರಸ್ತೆಗೂ ಕೆಳಗಿನ ರಸ್ತೆಗೂ ಇರೋ ಎಂಟು ಹತ್ತು ಮೀಟರಿನ ವ್ಯತ್ಯಾಸ ಅದಕ್ಕೆ ಎಷ್ಟೋ ಸಲ ಗೊತ್ತೇ ಆಗಲ್ಲ. ಮೆಹದಿಪಟ್ನಂನಿಂದ ಆರಾಂಘರ್ ಕಡೆ ಹೋಗೋ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ 11 ಕಿಲೋಮೀಟರಿಗಿಂತ ಉದ್ದ, ಪೂರ್ತಿ ಮೇಲ್ಸೇತುವೆ, ಕೆಳಗೆ ಅದೇ ದಿಕ್ಕಿಗೆ ಇನ್ನೊಂದು ರಸ್ತೆ. ಅಲ್ಲಿ ಮೇಲಾ ಕೆಳಗಾ ಅಂತ ನೀವೇ ಮೊದಲು ತೀರ್ಮಾನ ಮಾಡ್ಕೊಂಡಿರಬೇಕು. 2024ರ ಜುಲೈನಲ್ಲಿ ಗೂಗಲ್ ಮ್ಯಾಪ್ಸ್ ಭಾರತದ 40 ನಗರಗಳಿಗೆ, ಮುಂದೆ ಫ್ಲೈಓವರ್ ಹತ್ತಬೇಕು ಅಂತ ಮುಂಚೆಯೇ ತಿಳಿಸೋ ಸೌಲಭ್ಯ ಘೋಷಿಸಿತು. ಅದು ಹತ್ತೋ ಮುಂಚಿನ ಸಹಾಯ. ಹತ್ತಿದ ಮೇಲೆ ನೀವು ಮೇಲಿದ್ದೀರೋ ಕೆಳಗಿದ್ದೀರೋ ಅಂತ ಖಚಿತ ಮಾಡಲ್ಲ.

ಮದ್ದು ಕೇಳಿದ್ರೆ ಆಶ್ಚರ್ಯ ಆಗಬಹುದು: ನಿಲ್ಲಬೇಡಿ, ಹೋಗ್ತಾ ಇರಿ. ನಿಂತ ಗಾಡಿಯ ದಿಕ್ಕು ಫೋನಿಗೆ ಸರಿಯಾಗಿ ಗೊತ್ತಾಗಲ್ಲ, ಚಲಿಸೋ ಗಾಡಿಯದು ಗೊತ್ತಾಗುತ್ತೆ. ಎರಡು ರಸ್ತೆ ಬೇರೆಯಾಗೋ ಜಾಗ ಬಂದ ಕೂಡಲೇ ಬಾಣ ತಾನೇ ಸರಿಹೋಗುತ್ತೆ. ಕಾಕಾಗೂ ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಸರಿಯಾಯ್ತು.

ಇಲ್ಲೇ ಒಂದು ಮಾತು. ಫೋನನ್ನ ಇಂಗ್ಲಿಷಿನ ಎಂಟರ ಆಕಾರದಲ್ಲಿ ಗಾಳಿಯಲ್ಲಿ ತಿರುಗಿಸಿ ಅಂತ ಎಲ್ಲರೂ ಹೇಳ್ತಾರೆ. ಅದು ದಿಕ್ಸೂಚಿ ಸರಿಮಾಡೋ ವಿಧಾನ. ನಿಂತಾಗ ಬಾಣದ ಮೂತಿ ತಪ್ಪು ಕಡೆ ತಿರುಗಿದ್ರೆ ಮಾತ್ರ ಅದರಿಂದ ಉಪಯೋಗ. ನೀವಿರೋ ಜಾಗ ತಪ್ಪಾಗಿದ್ರೆ ಎಂಟಲ್ಲ, ಎಂಬತ್ತು ಸಲ ತಿರುಗಿಸಿದ್ರೂ ಅಷ್ಟೇ. ಅಯಸ್ಕಾಂತದ ಸ್ಟ್ಯಾಂಡ್ ಇದ್ದರಂತೂ ದಿಕ್ಸೂಚಿಯ ಕಥೆ ಮುಗೀತು.

ಮೂರು: ಬಾಣ ಸರಿ, ರಸ್ತೆಯೇ ಬದಲಾಗಿದೆ

ನೀವು ರಸ್ತೆ ಮೇಲೇ ಇದ್ದೀರಿ, ಮ್ಯಾಪ್ ಮಾತ್ರ ಹೊಲದಲ್ಲಿ ಓಡ್ತಿದ್ದೀರಿ ಅಂತ ತೋರಿಸ್ತಿದೆ. ಇಲ್ಲಾ, ಎಡಕ್ಕೆ ತಿರುಗಿ ಅಂದ ಕಡೆ ಡಿವೈಡರ್ ಕಟ್ಟಿದ್ದಾರೆ. ಇಲ್ಲಿ ಉಪಗ್ರಹದ ತಪ್ಪಿಲ್ಲ, ನಕ್ಷೆ ಹಳೇದು. ಹೆದ್ದಾರಿ ಅಗಲ ಮಾಡೋ ಕೆಲಸ, ಹೊಸ ಸೇತುವೆ ಕೆಲಸ ನಡೆಯೋ ಕಡೆ ಹೀಗೆ ಆಗ್ತಾನೇ ಇರುತ್ತೆ.

ಈ ತಪ್ಪೇ ಎಲ್ಲಕ್ಕಿಂತ ಕ್ರೂರ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ, ಅರ್ಧ ಮಾತ್ರ ಇದ್ದ ಸೇತುವೆ ಮೇಲಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಅದೇ ವರ್ಷ ಮೇ ತಿಂಗಳಲ್ಲಿ ಹೈದರಾಬಾದಿನಿಂದ ಹೋಗಿದ್ದ ನಾಲ್ವರು ಪ್ರವಾಸಿಗರ ಕಾರು ಕೇರಳದ ಕೋಟ್ಟಯಂ ಜಿಲ್ಲೆಯ ಕುರುಪ್ಪಂತರ ಬಳಿ ತುಂಬಿದ ಹಳ್ಳಕ್ಕೆ ಇಳೀತು. ಪುಣ್ಯಕ್ಕೆ ನಾಲ್ವರೂ ಬದುಕಿದರು. ಎರಡೂ ಕಡೆ ಅವರು ಮ್ಯಾಪ್ ನೋಡ್ಕೊಂಡೇ ಹೋಗ್ತಿದ್ರು ಅಂತ ವರದಿಯಾಗಿತ್ತು.

ಮದ್ದು: ಕಾರಿನ ನ್ಯಾವಿಗೇಷನ್ ಇದ್ರೆ ಅದರ ನಕ್ಷೆ ಯಾವ ವರ್ಷದ್ದು ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಸರ್ವಿಸ್‌ಗೆ ಬಿಟ್ಟಾಗ ಹೊಸದು ಹಾಕಿಸಿ. ಫೋನಲ್ಲಿ ಇಳಿಸಿಟ್ಟ ಆಫ್‌ಲೈನ್ ನಕ್ಷೆಯನ್ನೂ ಹೊಸದು ಮಾಡಿ. ರಾತ್ರಿ ಹೊತ್ತು, ಮಳೆಯಲ್ಲಿ, ಮುಂದೆ ಬೇರೆ ಗಾಡಿಯ ಸುಳಿವೇ ಇಲ್ಲದ ದಾರಿಗೆ ಕರೆದೊಯ್ದರೆ ನಿಲ್ಲಿಸಿ, ಯಾರನ್ನಾದ್ರೂ ಕೇಳಿ. ಕೇಳಿದ್ರೆ ಮರ್ಯಾದೆ ಏನೂ ಹೋಗಲ್ಲ.

ನಾಲ್ಕು: ದಾರಿ ಸರಿ, ತಲುಪಿದ ಜಾಗ ತಪ್ಪು

"ನೀವು ತಲುಪಿದ್ದೀರಿ" ಅಂತ ಫೋನ್ ಹೇಳುತ್ತೆ, ಎದುರಿಗೆ ಕಾಂಪೌಂಡ್ ಗೋಡೆ! ಪಟಾನ್‌ಚೆರು ಕೈಗಾರಿಕಾ ಪ್ರದೇಶಕ್ಕೆ ಲಾರಿ ತರೋ ಡ್ರೈವರ್‌ಗಳನ್ನ ಕೇಳಿ, ಎಲ್ಲರ ಹತ್ತಿರಾನೂ ಇಂಥ ಒಂದು ಕಥೆ ಇರುತ್ತೆ. ಮ್ಯಾಪಿನ ಗುರುತು ಸಾಮಾನ್ಯವಾಗಿ ಆವರಣದ ನಡುವೆ ಇರುತ್ತೆ. ಆ ಗುರುತಿಗೆ ಹತ್ತಿರದ ರಸ್ತೆ ಯಾವುದೋ ಅಲ್ಲಿಗೆ ಫೋನು ಕರೆದೊಯ್ಯುತ್ತೆ, ಗೇಟು ಇನ್ನೊಂದು ಕಡೆ ಇರಬಹುದು. 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಇಲ್ಲೇ ಇದೆ. ಅಂಥ ದೊಡ್ಡ ಆವರಣಕ್ಕೆ ಹೋಗುವಾಗ ಸಂಸ್ಥೆಯ ಹೆಸರು ಹಾಕೋದಕ್ಕಿಂತ ಗೇಟಿನ ಗುರುತು ಹಾಕೋದು ಒಳ್ಳೇದು. ಕಾಲೊನಿಗಳದ್ದು ಇನ್ನೊಂದು ಗೋಳು, ಒಂದೇ ಹೆಸರಿನವು ಊರಲ್ಲಿ ನಾಲ್ಕಾರು ಇರುತ್ತವೆ.

ಮದ್ದು ಸುಲಭ. ಯಾರ ಮನೆಗೆ ಹೋಗ್ತೀರೋ ಅವರು ಗೇಟಿನ ಮುಂದೆ ನಿಂತು ಲೊಕೇಶನ್ ಕಳಿಸಲಿ. ಸೋಫಾ ಮೇಲೆ ಕೂತು ಕಳಿಸಿದ್ದು ಬೇಡ, ಒಳಗೆ ಸಿಗ್ನಲ್ ಸರಿಯಾಗಿ ಸಿಗಲ್ಲ. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ತಂದಿದೆ. ದೇಶವನ್ನೆಲ್ಲ ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ, ಪ್ರತಿಯೊಂದಕ್ಕೂ 10 ಅಕ್ಷರ–ಅಂಕಿಗಳ ಗುರುತು ಕೊಟ್ಟಿದ್ದಾರೆ. ಅದನ್ನ ರೂಪಿಸೋದರಲ್ಲಿ ಐಐಟಿ ಹೈದರಾಬಾದ್ ಕೂಡ ಸೇರಿದೆ. ಆ ಕ್ಯಾಂಪಸ್ ಇರೋದೂ ಇದೇ ಹೆದ್ದಾರಿಯಲ್ಲಿ, ಸಂಗಾರೆಡ್ಡಿ ಹತ್ತಿರದ ಕಂದಿಯಲ್ಲಿ.

ಹೊರಡೋ ಮುಂಚೆ ಐದು ನಿಮಿಷ

- ಲೊಕೇಶನ್ ಅನುಮತಿಯಲ್ಲಿ "ನಿಖರ" ಅನ್ನೋದು ಆನ್ ಇದೆಯಾ ನೋಡಿ. ಅಂದಾಜು ಅಂತ ಇದ್ರೆ ಮೇಲಿನ ಯಾವ ಮದ್ದೂ ಕೆಲಸ ಮಾಡಲ್ಲ.
- ಬ್ಯಾಟರಿ ಉಳಿಸೋ ಮೋಡ್ ತೆಗೆಯಿರಿ, ಫೋನ್ ಚಾರ್ಜಿಗೆ ಹಾಕಿ.
- ದಾರಿಯನ್ನ ಒಮ್ಮೆ ಮೊದಲಿಂದ ಕೊನೆ ತನಕ ಕಣ್ಣಲ್ಲಿ ಓಡಿಸಿ. ಎಲ್ಲಿ ಹತ್ತಬೇಕು, ಯಾವ ನಂಬರಿನ ಎಕ್ಸಿಟ್‌ನಲ್ಲಿ ಇಳೀಬೇಕು ಅಂತ ಚೀಟಿಯಲ್ಲಿ ಬರ್ಕೊಳ್ಳಿ. ಓಆರ್‌ಆರ್‌ನಲ್ಲಿ ಮುತ್ತಂಗಿಯದು 3ನೇ ಎಕ್ಸಿಟ್. ನಂಬರು ಬೋರ್ಡ್ ಮೇಲೆ ಇರುತ್ತೆ, ಉಪಗ್ರಹ ಬೇಕಾಗಿಲ್ಲ.
- ಪಕ್ಕದಲ್ಲಿ ಕೂತವರಿಗೆ ಮ್ಯಾಪ್ ಕೊಡಿ. ಓಡಿಸೋರು ರಸ್ತೆ ನೋಡಲಿ.

ಎಲ್ಲದಕ್ಕೂ ಮೇಲೆ ಒಂದು ನಿಯಮ. ಬೋರ್ಡಿಗೂ ಬಾಣಕ್ಕೂ ಜಗಳ ಬಂದ್ರೆ ಬೋರ್ಡಿನ ಮಾತು ಕೇಳಿ. ಎಕ್ಸಿಟ್ ತಪ್ಪಿಹೋಯ್ತಾ? ಹೋಗಲಿ ಬಿಡಿ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು ತಿರುಗಿ ಬನ್ನಿ. ಒಂದಷ್ಟು ಪೆಟ್ರೋಲ್, ಸ್ವಲ್ಪ ಟೋಲ್, ಇಪ್ಪತ್ತು ನಿಮಿಷ. ರಿವರ್ಸ್ ತಗೊಳ್ಳೋಕೆ ಹೋಗಿ ಕೊಡಬೇಕಾದ ಬೆಲೆಗೆ ಹೋಲಿಸಿದ್ರೆ ಇದು ಏನೂ ಅಲ್ಲ.

ಅವತ್ತು ಕಾಕಾ ಅರ್ಧ ಗಂಟೆ ತಡವಾಗಿ ಆಸ್ಪತ್ರೆ ಮುಟ್ಟಿದ್ರು. ಡಾಕ್ಟರು ನೋಡಿದ್ರು, ಕಾಕಿಯ ಕಣ್ಣು ಚೆನ್ನಾಗಿದೆ. ವಾಪಸ್ ಹೋಗುವಾಗ ಫೋನು ಕಾಕಿಯ ಕೈಯಲ್ಲಿತ್ತಂತೆ. "ಅದು ಏನರ ಅನ್ಲಿ, ನಾ ಬೋರ್ಡ್ ಓದಿ ಹೇಳ್ತೀನಿ, ನೀವು ಸುಮ್ನ ಗಾಡಿ ಹೊಡೀರಿ" ಅಂದ್ರಂತೆ. ಆಪರೇಷನ್ ಆದ ಕಣ್ಣಿನ ಮೊದಲ ಪರೀಕ್ಷೆ ಅದೇ ಆಯ್ತು.

ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ. ನಿಧಾನವಾಗಿ ಓಡಿಸಿ. ನಮಸ್ಕಾರ.