ಗಾಂಧಿಬಜಾರಿನ ತಿಂಡಿ, ಮಾಣಿಯ ಪಾಠ

ಭಾನುವಾರ ಬೆಳಿಗ್ಗೆ. ಬೆಂಗಳೂರಿನ ಬಸವನಗುಡಿಯ ಗಾಂಧಿಬಜಾರಿನಲ್ಲಿ ಹೂವಿನವರು ಇನ್ನೂ ಬುಟ್ಟಿಗಳನ್ನು ಬಿಚ್ಚುತ್ತಿರುತ್ತಾರೆ. ಅಷ್ಟರಲ್ಲೇ ‘ವಿದ್ಯಾರ್ಥಿ ಭವನ’ದ ಮುಂದೆ ಜನ ನೆರೆದಿರುತ್ತಾರೆ. ಕಾಲೇಜು ಹುಡುಗರ ಗುಂಪು, ಮೊಮ್ಮಗಳ ಕೈಹಿಡಿದ ತಾತ, ಮಗನನ್ನು ಹಾಸ್ಟೆಲಿಗೆ ಸೇರಿಸಲು ಊರಿನಿಂದ ಬಂದ ಅಪ್ಪ, ಅಮ್ಮ. ಎಲ್ಲರ ಕಣ್ಣೂ ಒಳಗೆ ಯಾವ ಮೇಜು ಖಾಲಿಯಾಗುತ್ತದೆ ಎಂಬುದರ ಮೇಲೆಯೇ!

ದೋಸೆಯ ಹೋಟೆಲಿಗೆ ಹಾಸ್ಟೆಲಿನಂಥ ಹೆಸರೇಕೆ ಎಂದು ಹೊಸಬರಿಗೆ ಅನ್ನಿಸುವುದು ಸಹಜ. 1943ರಲ್ಲಿ ವೆಂಕಟರಮಣ ಉರಾಳರು ಇದನ್ನು ತೆರೆದಾಗ ಬರುತ್ತಿದ್ದವರು ಹೆಚ್ಚಾಗಿ ಸುತ್ತಲಿನ ಶಾಲೆಗಳ ವಿದ್ಯಾರ್ಥಿಗಳು. ಹೆಸರು ಬಂದದ್ದು ಹಾಗೆ. 1970ರಲ್ಲಿ ಹೋಟೆಲು ರಾಮಕೃಷ್ಣ ಅಡಿಗರ ಕೈಗೆ ಬಂದರೂ ಹೆಸರು ಬದಲಾಗಲಿಲ್ಲ. ಹೊರಗೆ ಗರಿಗರಿ, ಒಳಗೆ ಮೆತ್ತಗಿರುವ ದಪ್ಪ ಮಸಾಲೆ ದೋಸೆ, ನೀರಾದ ಚಟ್ನಿ, ಗೋಡೆಯ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳು. ಬಿಳಿ ಪಂಚೆ ಉಟ್ಟವರು ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವುದನ್ನು ನೋಡಲೆಂದೇ ಮಕ್ಕಳು ಹಟ ಹಿಡಿಯುತ್ತಾರೆ.

ಸಾಂಬಾರಿಲ್ಲದ ಇಡ್ಲಿ

ಅಲ್ಲಿಂದ ಸ್ವಲ್ಪ ದೂರ ನಡೆದರೆ ಶಂಕರಪುರದ ‘ಬ್ರಾಹ್ಮಿನ್ಸ್ ಕಾಫಿ ಬಾರ್’. 1965ರಲ್ಲಿ ಆರಂಭವಾದ ಪುಟ್ಟ ಅಂಗಡಿ. ರಸ್ತೆಬದಿಯಲ್ಲೇ ನಿಂತು ತಿನ್ನಬೇಕು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ: ಪಟ್ಟಿ ಹೆಚ್ಚುಕಮ್ಮಿ ಇಷ್ಟೇ. ಸಾಂಬಾರು ಕೇಳಿದರೆ ಸಿಗದು. ಚಟ್ನಿ ಮಾತ್ರ ಕೇಳಿದಷ್ಟು! ಕೆಲವೇ ತಿಂಡಿಗಳನ್ನು ದಿನವೂ ಒಂದೇ ಹದದಲ್ಲಿ ಮಾಡಿ ಹೆಸರು ಗಳಿಸಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಲಾಲ್‌ಬಾಗಿನ ಮಗ್ಗುಲಿಗೆ ಬಂದರೆ ಮಾವಳ್ಳಿ ಟಿಫಿನ್ ರೂಮ್ಸ್, ಎಲ್ಲರ ಬಾಯಲ್ಲಿ ಎಂ.ಟಿ.ಆರ್. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಸಂಸ್ಥೆ ಇದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿಬಂದ ಮೇಲೆ ಇಲ್ಲಿ ಶುಚಿತ್ವವೇ ವ್ರತವಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆಯನ್ನು ತೀರಾ ಕೆಳಗಿಳಿಸಿತು. ಗುಣಮಟ್ಟ ಇಳಿಸಲು ಒಪ್ಪದ ಹೋಟೆಲು ದಿನದ ನಷ್ಟವನ್ನು ಫಲಕದಲ್ಲಿ ಬರೆದು ತೋರಿಸಿತು, ಕೊನೆಗೆ ಬಾಗಿಲನ್ನೇ ಹಾಕಿತು. ಕೆಲಸಗಾರರನ್ನು ಕೈಬಿಡಬಾರದೆಂದು ಆಗ ಹಿಟ್ಟು, ಪುಡಿಗಳ ಮಾರಾಟಕ್ಕೆ ಇಳಿಯಲಾಯಿತು. ಇಂದು ಮನೆಮನೆಯ ಅಡುಗೆಮನೆಯಲ್ಲಿರುವ ಆ ಪೊಟ್ಟಣಗಳ ಹಿಂದೆ ಇಂಥದೊಂದು ಕಷ್ಟಕಾಲವಿದೆ.

ಮಾಣಿ ಎಂದರೆ ಯಾರು?

ತಿಂಡಿಯ ಮಾತು ಬಂದಾಗ ಅದನ್ನು ತಂದಿಟ್ಟವರ ಮಾತೂ ಬರಬೇಕಲ್ಲವೇ? ಹೋಟೆಲಿನಲ್ಲಿ ಬಡಿಸುವವರನ್ನು ಹಿಂದೆ ‘ಮಾಣಿ’ ಎಂದು ಕರೆಯುವುದು ರೂಢಿ. ಕರಾವಳಿಯಲ್ಲಿ ಮಾಣಿ ಎಂದರೆ ಹುಡುಗ, ಅಷ್ಟೇ. ಕುಂದಾಪುರ, ಉಡುಪಿಯ ಹಳ್ಳಿಗಳಿಂದ ಬಡತನಕ್ಕೆ ಅಂಜಿ ಬೆಂಗಳೂರಿನ ಬಸ್ಸು ಹತ್ತಿದ ಎಳೆಯರು ಲೋಟ ತೊಳೆದು, ಮೇಜು ಒರೆಸಿ, ಆಮೇಲೆ ಬಡಿಸುವ ಕೆಲಸಕ್ಕೆ ಏರುತ್ತಿದ್ದರು. ಊರಿನ ಸಂಬಂಧದ ಪದ ಹೀಗೆ ನಗರದಲ್ಲಿ ಕೆಲಸದ ಹೆಸರಾಯಿತು.

ಆ ಕಾಲದ ಎಷ್ಟೋ ಹೋಟೆಲುಗಳಲ್ಲಿ ದೋಸೆ ತಿನ್ನುತ್ತಿದ್ದವನೂ ತಂದಿಡುತ್ತಿದ್ದವನೂ ಒಂದೇ ವಯಸ್ಸಿನವರು. ಒಬ್ಬನ ಬಗಲಲ್ಲಿ ಪುಸ್ತಕ, ಇನ್ನೊಬ್ಬನ ಹೆಗಲಲ್ಲಿ ಒರೆಸುವ ಬಟ್ಟೆ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಓದಿ ಮುಂದೆ ಬಂದವರೂ ಉಂಟು, ನಾಲ್ಕು ಕಾಸು ಕೂಡಿಸಿ ಸ್ವಂತ ಹೋಟೆಲು ತೆರೆದವರೂ ಉಂಟು. ಆದರೆ ಗೆದ್ದವರ ಕಥೆ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಶಾಲೆಯ ಮುಖವನ್ನು ಮತ್ತೆ ನೋಡದೇ ಹೋದವರ ಲೆಕ್ಕ ಇಟ್ಟವರು ಯಾರು?

ಕಾನೂನು ಬಂದದ್ದು ತಡವಾಗಿ. ಹೋಟೆಲು, ಚಹದಂಗಡಿಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಳ್ಳುವುದಕ್ಕೆ 2006ರ ಅಕ್ಟೋಬರ್ 10ರಿಂದ ನಿಷೇಧ ಜಾರಿಯಾಯಿತು. 2016ರ ತಿದ್ದುಪಡಿ ಆ ನಿಷೇಧವನ್ನು ಬಹುತೇಕ ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಮಗುವೊಂದು ದುಡಿಯುತ್ತಿರುವುದು ಕಣ್ಣಿಗೆ ಬಿದ್ದರೆ 1098ಕ್ಕೆ ಯಾರು ಬೇಕಾದರೂ ದೂರವಾಣಿ ಮಾಡಬಹುದು, ವಿದ್ಯಾರ್ಥಿಗಳೂ ಕೂಡ.

ಇಂದು ನಗರದ ಹೋಟೆಲುಗಳಲ್ಲಿ ತಟ್ಟೆ ತರುವವರಲ್ಲಿ ಅಸ್ಸಾಂ, ಒಡಿಶಾ, ಬಂಗಾಳದ ಯುವಕರೂ ಇದ್ದಾರೆ. ಭಾಷೆ ಬೇರೆಯಾದರೂ ಊರು ಬಿಟ್ಟ ಕಾರಣ ಬಹುಪಾಲು ಹಳೆಯದೇ. ಮಕ್ಕಳನ್ನು ಗಾಂಧಿಬಜಾರಿಗೆ ಕರೆದೊಯ್ಯುವ ತಂದೆತಾಯಿಗಳು ದೋಸೆಯ ಜೊತೆಗೆ ಈ ಕಥೆಯನ್ನೂ ಹೇಳಲಿ. ‘ಏಯ್’ ಎಂದು ಕೂಗುವ ಬದಲು ‘ಅಣ್ಣಾ, ಸ್ವಲ್ಪ ಚಟ್ನಿ’ ಎಂದು ಮಗು ಕೇಳಿದರೆ, ವಿದ್ಯಾರ್ಥಿಗಳ ಹೆಸರು ಹೊತ್ತ ಆ ಹೋಟೆಲಿನಲ್ಲಿ ಒಂದು ಪಾಠ ಕಲಿತಂತಾಯಿತು.